ಶಾಲು ಹೊದಿಸುವ ಮೊದಲು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಸೇರಿದರೆ ಪಾಂಡವಪುರ ಉಪವಿಭಾಗ. ನೆಲ ಮಾತ್ರ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣದಲ್ಲಿ ನಾಲೆಯ ನೀರು ಹೆಚ್ಚಾಗಿ ಗದ್ದೆ ಜೌಗಾಗುವ ಚಿಂತೆ. ನಾಗಮಂಗಲದಲ್ಲಿ ಕೊಳವೆಬಾವಿ ಎಷ್ಟು ಆಳಕ್ಕೆ ಇಳಿದರೂ ನೀರು ಸಿಕ್ಕೀತೆಂಬ ಖಾತರಿಯಿಲ್ಲದ ಚಿಂತೆ. ಆದರೆ ಗ್ರಾಮ ಪಂಚಾಯಿತಿಯ ಅಧ್ಯಕ್ಷರೋ ಸದಸ್ಯರೋ ಅವಧಿ ಮುಗಿಸಿ ಇಳಿಯುವ ದಿನದ ಸಮಾರಂಭ ನೋಡಿದರೆ ಅದು ಯಾವ ತಾಲ್ಲೂಕೆಂದು ಹೇಳಲಾಗದು. ಅದೇ ಶಾಮಿಯಾನ, ಅದೇ ಮೈಸೂರು ಪೇಟ, ಜರಿ ಅಂಚಿನ ಶಾಲು, ಬಣ್ಣದ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಗಾಜಿನ ಕಟ್ಟು ಹಾಕಿಸಿದ ಸನ್ಮಾನ ಪತ್ರ. ಪತ್ರದ ಒಕ್ಕಣೆಯೂ ಅದೇ: ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು, ಕೊಡುಗೈ ದಾನಿ, ಅಭಿವೃದ್ಧಿಯ ಹರಿಕಾರ. ಹೆಸರಿನ ಜಾಗ ಖಾಲಿ ಬಿಟ್ಟು ಅಚ್ಚು ಹಾಕಿಸಿದರೆ ನಾಲ್ಕು ತಾಲ್ಲೂಕಿಗೂ ಒಂದೇ ಪತ್ರ ಸಾಕು. ಇದರಲ್ಲಿ ಪ್ರೀತಿಯಿಲ್ಲವೆಂದಲ್ಲ. ವರ್ಷಗಟ್ಟಲೆ ಊರಿನ ತಾಪತ್ರಯ ಹೊತ್ತವರ ಕೊರಳಿಗೆ ಒಂದು ಹಾರ ಬೀಳುವುದನ್ನು ಯಾರೂ ಬೇಡವೆನ್ನಬಾರದು. ನನ್ನ ತಕರಾರು ಹಾರದ ಮೇಲಲ್ಲ, ಹಾರದ ಜೊತೆಗೆ ಓದುವ ಮಾತಿನ ಮೇಲೆ. ಸ್ಥಳೀಯ ಆಡಳಿತದಲ್ಲಿ ದುಡಿದು ಇಳಿಯುವವರಿಗೆ ಸಲ್ಲಬೇಕಾದ ಮರ್ಯಾದೆ ಎಂದರೆ, ಅವರು ಮಾಡಿದ್ದು ಇಂಥದು, ಮಾಡಲಾಗದೆ ಬಿಟ್ಟದ್ದು ಇಂಥದು ಎಂದು ಪಂಚಾಯಿತಿಯ ಪುಸ್ತಕದಿಂದಲೇ ಊರ ಮುಂದೆ ಓದುವುದು. ಎಲ್ಲರ ಹೆಗಲಿಗೂ ಒಪ್ಪುವ ಹೊಗಳಿಕೆ ಯಾರೊಬ್ಬರ ಅಳತೆಗೂ ಹೊಲಿದದ್ದಲ್ಲ.

ಇದು ಹೊರಗಿನಿಂದ ತಂದ ಯೋಚನೆಯಲ್ಲ. ಈ ನೆಲದ ಹಳೆಯ ಮರ್ಯಾದೆಯ ಪದ್ಧತಿಯೇ ಹೀಗಿತ್ತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಿರುವ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿವೆ, ನಾಗಮಂಗಲದವು 7ನೆಯದರಲ್ಲಿ. ಗಂಗರ, ಹೊಯ್ಸಳರ, ವಿಜಯನಗರದ ಕಾಲದ ಕಲ್ಲುಗಳನ್ನು ಒಂದೊಂದಾಗಿ ಓದುತ್ತಾ ಹೋದರೆ ಒಂದು ರೂಢಿ ಕಣ್ಣಿಗೆ ಬೀಳುತ್ತದೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಭೂಮಿಗೆ ಕಟ್ಟುಗೊಡಗೆ ಎಂದು ಹೆಸರು. ಊರಿನ ದನ ಕಾಯಲು, ಊರನ್ನೇ ಕಾಯಲು ಹೋರಾಡಿ ಸತ್ತವನ ಮನೆಯವರಿಗೆ ಕೊಟ್ಟದ್ದಕ್ಕೆ ನೆತ್ತರುಗೊಡಗೆ. ಕೊಡುಗೆಯ ಹೆಸರಿನಲ್ಲಿಯೇ ಕೆಲಸದ ಹೆಸರು ಸೇರಿಕೊಂಡಿದೆ. ಯಾವ ಕೆರೆ, ಅದರ ಕೆಳಗೆ ಎಷ್ಟು ಸಲಗೆ ಗದ್ದೆ, ಎಷ್ಟು ಕೊಳಗ ಬೆದ್ದಲು, ಮೂಡಲಿಗೆ ಯಾವ ಕಲ್ಲು, ಪಡುವಲಿಗೆ ಯಾವ ಹಳ್ಳ ಎಂದು ನಾಲ್ಕು ದಿಕ್ಕಿನ ಎಲ್ಲೆ ಹೇಳಿ, ಸಾಕ್ಷಿಗಳನ್ನು ಹೆಸರಿಸಿ, ಕೊನೆಗೆ ಇದನ್ನು ಅಳಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪ ಬರಲಿ ಎಂದು ಮುಗಿಸುತ್ತಾರೆ. ಅಂಥ ಕಲ್ಲಿನ ಮುಂದೆ ಇಂದು ನಿಂತವರಿಗೂ ಆ ಮನುಷ್ಯ ಏನು ಮಾಡಿದ, ಊರು ಅವನಿಗೆ ಏನು ಕೊಟ್ಟಿತು ಎಂಬ ಎರಡು ಸಂಗತಿ ತಿಳಿಯುತ್ತವೆ. ಅಭಿವೃದ್ಧಿಯ ಹರಿಕಾರ ಎಂದಷ್ಟೇ ಕೆತ್ತಿದ್ದರೆ ಏನು ತಿಳಿಯುತ್ತಿತ್ತು?

ಶಾಸನಗಳಲ್ಲಿ ಹೊಗಳಿಕೆ ಇಲ್ಲವೇ ಎಂದು ಬಲ್ಲವರು ಕೇಳುತ್ತಾರೆ. ಇದೆ, ಧಾರಾಳವಾಗಿದೆ. ರಾಜರ ಬಿರುದಾವಳಿಯಿಂದ ಅರ್ಧ ಕಲ್ಲು ತುಂಬಿದ್ದೂ ಉಂಟು. ನಮ್ಮ ಸನ್ಮಾನ ಪತ್ರ ಬರೆಯುವವರು ಆ ಅರ್ಧವನ್ನು ಮಾತ್ರ ಕಲಿತ ಹಾಗಿದೆ. ಆದರೆ ಬಿರುದು ಮುಗಿದ ಮೇಲೆ ಅಳತೆ ಬಂದೇ ಬರುತ್ತದೆ. ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೋಡಿ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 10ನೆಯ ಶತಮಾನದ ನಡುವೆ, ತಕ್ಕೋಲ ಎಂಬಲ್ಲಿ ಯುದ್ಧ ನಡೆದ ಮೇಲೆ, ಗಂಗರ ಅರಸ ಬೂತುಗ ತನ್ನ ವೀರ ಮಣಲೇರನನ್ನು ಮೆಚ್ಚಿ ಏನು ಬೇಕೆಂದು ಕೇಳಿದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೂ ಕಲ್ಲು ನಿಂತಿತು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಮಾಡದೆ ಗುಡಿಯ ಪೂಜಾರಿ ಗೊರವ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಹಂದಿಯ ಮೇಲೆ ನಾಯಿ ಎರಗಿದ ಚಿತ್ರವೂ ಕಲ್ಲಿನಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿ ಎಲ್ಲಿ, ಯಾವುದರ ಜೊತೆ, ಹೇಗೆ ಹೋರಾಡಿತೆಂದು ನಮಗೆ ಗೊತ್ತು. ಹತ್ತು ವರ್ಷದ ಹಿಂದಿನ ಪಂಚಾಯಿತಿ ಅಧ್ಯಕ್ಷರು ಏನು ಮಾಡಿದರೆಂದು ಕೇಳಿದರೆ ಊರಿನಲ್ಲಿ ಹತ್ತು ಜನ ಹತ್ತು ಬಗೆ ಹೇಳುತ್ತಾರೆ.

ಇನ್ನೊಂದು ಸಂಗತಿಯನ್ನು ಮರೆಯುತ್ತೇವೆ. ಅಧಿಕಾರದಿಂದ ಇಳಿಯುವುದು ಎಂಬುದೇ ನಮ್ಮ ಹಳ್ಳಿಗಳಿಗೆ ಹೊಸದು. ಪಟೇಲಿಕೆ, ಶಾನುಭೋಗಿಕೆ ವಂಶಪಾರಂಪರ್ಯದವು. ಪಟೇಲರು ನಿವೃತ್ತರಾಗುತ್ತಿರಲಿಲ್ಲ, ತೀರಿಕೊಳ್ಳುತ್ತಿದ್ದರು, ಮಗ ಪಟೇಲನಾಗುತ್ತಿದ್ದ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಪದ್ಧತಿ ಕೊನೆಗೊಂಡಿತು. ಅದಕ್ಕೂ ಮೊದಲೇ ಮೈಸೂರು ಸಂಸ್ಥಾನದಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕಾನೂನು ಬಂದಿತ್ತು. ಸ್ವಾತಂತ್ರ್ಯಾನಂತರ 1959ರ ಕಾಯ್ದೆಯ ಕಾಲದ ಚೇರ್ಮನ್ನರು ಬಂದರು. 1983ರ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಮಂಡಲ ಪಂಚಾಯಿತಿಯ ಪ್ರಧಾನರು ಬಂದರು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಬಂತು, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. ಇಂದಿಗೂ ನಮ್ಮ ಊರುಗಳಲ್ಲಿ ಚೇರ್ಮನ್ನರ ಮನೆ, ಪ್ರಧಾನರ ಮನೆ ಎಂದು ಹೇಳುವುದುಂಟು. ಕುರ್ಚಿ ಹೋಗಿ ಎಷ್ಟೋ ವರ್ಷವಾದರೂ ಹೆಸರು ಉಳಿದಿದೆ, ಕೆಲಸ ಮಾತ್ರ ಮರೆತುಹೋಗಿದೆ. 1983ರ ಆ ಕಾಯ್ದೆಗೆ ಜೀವ ತುಂಬಿದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರದು ಬೇರೆ ಕಥೆ. 1988ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ತರಬೇತಿ ಸಂಸ್ಥೆಯಿದೆ, ಅದು ಸರ್ಕಾರ ಕೊಟ್ಟ ಗೌರವ. ಜನ ಕೊಟ್ಟದ್ದು ನೀರ್ ಸಾಬ್ ಎಂಬ ಹೆಸರು. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಬಂದ ಹೆಸರದು. ಕಟ್ಟುಗೊಡಗೆಯ ಹಾಗೆ ಕೆಲಸವೇ ಬಿರುದಾಗಿ ನಿಂತ ಮಾದರಿ ನಮ್ಮ ಕಾಲದಲ್ಲೂ ಇದೆಯೆಂದು ತೋರಿಸಲು ಈ ಒಂದು ಹೆಸರು ಸಾಕು.

ಓದುವುದಕ್ಕೆ ಪುಸ್ತಕವೆಲ್ಲಿದೆ ಎಂದರೆ, ಪಂಚಾಯಿತಿ ಕಚೇರಿಯ ಬೀರುವಿನಲ್ಲಿದೆ. ಕೆ.ಆರ್. ಪೇಟೆಯವರಾಗಿ ವಿಧಾನಸಭೆಯ ಸ್ಪೀಕರ್ ಹುದ್ದೆಗೆ ಏರಿದ ಕೃಷ್ಣ ಅವರು, ಪಾಂಡವಪುರದ ಕ್ಯಾತನಹಳ್ಳಿಯ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರು ಸದನದಲ್ಲಿ ಏನು ಹೇಳಿದರೆಂಬುದು ವಿಧಾನಸಭೆಯ ಕಾರ್ಯಕಲಾಪದ ಸಂಪುಟಗಳಲ್ಲಿ ದಾಖಲಾಗಿದೆ. ನಾಳೆ ಅವರ ಬಗ್ಗೆ ಬರೆಯುವವರು ಅಲ್ಲಿಂದ ತೆಗೆದು ನೋಡಬಹುದು. ಗ್ರಾಮ ಪಂಚಾಯಿತಿಯ ಸದಸ್ಯರಿಗೆ ಇರುವುದು ನಡವಳಿ ಪುಸ್ತಕ ಒಂದೇ. ಉದ್ದನೆಯ ರಟ್ಟಿನ ಪುಸ್ತಕ, ತಾರೀಖು, ಹಾಜರಿದ್ದವರ ಸಹಿ, ನಡುನಡುವೆ ಹೆಬ್ಬೆಟ್ಟು, ಆಮೇಲೆ ವಿಷಯ ಒಂದು, ವಿಷಯ ಎರಡು ಎಂದು ಠರಾವುಗಳು. ಅದರ ಪಕ್ಕದಲ್ಲಿ ನಗದು ಪುಸ್ತಕ, ಕಾಮಗಾರಿಯ ಅಳತೆ ಪುಸ್ತಕ, ಮನೆ ಕಂದಾಯದ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಬೇಸಿಗೆಯಲ್ಲಿ ಒಂದು ಕಾಲೋನಿಗೆ ನೀರು ಬರಲಿಲ್ಲ ಎನ್ನೋಣ. ಯಾವ ಸಭೆಯಲ್ಲಿ ಯಾವ ಸದಸ್ಯರು ಅದನ್ನು ಎತ್ತಿದರು, ಮೇಲ್ಬೀದಿಯವರ ವಾಲ್ವು ತಿರುಗಿಸಿ ಸರದಿ ಮಾಡುವಂತೆ ನೀರುಗಂಟಿಗೆ ಹೇಳಲು ಠರಾವಾಯಿತೇ, ಆ ಠರಾವನ್ನು ಯಾರು ವಿರೋಧಿಸಿದರು, ಹೊಸ ಪೈಪಿಗೆ ಯಾವ ಬಾಬ್ತಿನಿಂದ ಹಣ ತೆಗೆದರು, ಎಷ್ಟು ಮೀಟರ್ ಹಾಕಿದರು ಎಂಬುದೆಲ್ಲ ಈ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಸಿಗುತ್ತದೆ. ಮೇಲ್ಬೀದಿಯ ಮುನಿಸು ಕಟ್ಟಿಕೊಂಡು ಕಾಲೋನಿಗೆ ನೀರು ತಿರುಗಿಸಿದ ಅಧ್ಯಕ್ಷರ ಸನ್ಮಾನ ಪತ್ರದಲ್ಲಿ ಅಜಾತಶತ್ರು ಎಂದು ಬರೆದರೆ ಅದು ಅವರ ಕೆಲಸಕ್ಕೆ ಮಾಡಿದ ಅವಮಾನ. ಅವರಿಗೆ ಶತ್ರುಗಳು ಹುಟ್ಟಿದ್ದೇ ಆ ಒಳ್ಳೆಯ ಕೆಲಸದಿಂದ.

ಹೀಗೆ ನೋಡಿದಾಗ ಪಂಚಾಯಿತಿಯ ಕಷ್ಟದ ಸೇವೆಯೆಲ್ಲ ಹೊಗಳಿಕೆಗೆ ಸಿಗದ ಸೇವೆಯೇ ಎಂದು ತಿಳಿಯುತ್ತದೆ. ಮನೆ ಕಂದಾಯದ ಬಾಕಿ ವಸೂಲು ಮಾಡಿಸಿದರೆ ಮತ ಹೋಗುತ್ತದೆ. ಕೆರೆಯ ಅಂಗಳದ ಒತ್ತುವರಿ ಬಿಡಿಸಿದರೆ ನೆಂಟಸ್ತನ ಹೋಗುತ್ತದೆ. ಬೀದಿ ದೀಪದ, ನೀರಿನ ಪಂಪಿನ ವಿದ್ಯುತ್ ಬಿಲ್ಲಿನ ಬಾಕಿ ತೀರಿಸಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ತೀರಿಸದಿದ್ದರೆ ಮುಂದಿನವರ ತಲೆಯ ಮೇಲೆ ಬೀಳುತ್ತದೆ. ಕಾಣುವುದು ಸಿಮೆಂಟು ರಸ್ತೆ, ಅದರ ತುದಿಯಲ್ಲಿನ ಹೆಸರಿನ ಕಲ್ಲು. ಶ್ರೀರಂಗಪಟ್ಟಣದ ಕಡೆ ಜೌಗು ನೀರು ಹೋಗಲು ಬಸಿಗಾಲುವೆ ಹೂಳೆತ್ತಿಸಿದ್ದು, ಮೇಲುಕೋಟೆಯಲ್ಲಿ ವೈರಮುಡಿ ಉತ್ಸವಕ್ಕೆ ಬಂದ ಜನ ಚದುರಿದ ಮೇಲೆ ಬೀದಿ ತೊಳೆಸಿದ್ದು, ನಾಗಮಂಗಲದ ಊರೊಂದರಲ್ಲಿ ಟ್ಯಾಂಕರು ಯಾರ ಮನೆ ಮುಂದೆ ಮೊದಲು ನಿಲ್ಲಬೇಕೆಂದು ನ್ಯಾಯವಾಗಿ ತೀರ್ಮಾನಿಸಿದ್ದು, ಇವಕ್ಕೆ ಕಲ್ಲು ನೆಡುವುದಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ 2020. ಆ ವರ್ಷ ಇಳಿದ ಪಂಚಾಯಿತಿಯವರು 2015ರ ಮೇ, ಜೂನ್‌ನಲ್ಲಿ ಆಯ್ಕೆಯಾದವರು. ಅವರ ಅವಧಿಯ ಕೊನೆಯ ತಿಂಗಳುಗಳಲ್ಲಿ ಕೊರೊನಾ ಬಂತು. ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಮುಂಬೈಗೆ ದುಡಿಯಲು ಹೋದವರು ಬಹಳ. ಆ ಮೇ ತಿಂಗಳಲ್ಲಿ ಅವರು ಊರಿಗೆ ಮರಳಿದಾಗ ಮಂಡ್ಯ ಜಿಲ್ಲೆಯ ಸೋಂಕಿನ ಲೆಕ್ಕವೇ ಏರಿತು. ಶಾಲೆ, ಹಾಸ್ಟೆಲುಗಳನ್ನು ಕ್ವಾರಂಟೈನ್ ಕೇಂದ್ರ ಮಾಡಬೇಕಾಯಿತು. ನಮ್ಮ ಊರಿಗೆ ಬರಬೇಡಿ ಎನ್ನುವ ಗುಂಪಿಗೂ, ಇದು ನಮ್ಮ ಊರಲ್ಲವೇ ಎನ್ನುವ ಮಕ್ಕಳಿಗೂ ನಡುವೆ ನಿಂತವರು ಅಧಿಕಾರಿಗಳ ಜೊತೆಗೆ ಪಂಚಾಯಿತಿಯ ಕಾರ್ಯಪಡೆಯವರು. ಕೆಲವೇ ವಾರಗಳಲ್ಲಿ ಅವರ ಅವಧಿ ಮುಗಿಯಿತು, ಆಡಳಿತಾಧಿಕಾರಿಗಳು ಬಂದರು, ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಹೊಸ ಚುನಾವಣೆಯಾಯಿತು. ಜನ ಸೇರುವ ಹಾಗಿರಲಿಲ್ಲ, ಬೀಳ್ಕೊಡುಗೆಯ ಶಾಮಿಯಾನಕ್ಕೆ ಅವಕಾಶವಿರಲಿಲ್ಲ. ಶಾಲಿನ ಲೆಕ್ಕದಲ್ಲಿ ಅವರೆಲ್ಲ ಬರಿಗೈಯವರು. ನಡವಳಿ ಪುಸ್ತಕದ ಲೆಕ್ಕದಲ್ಲಿ ನೋಡಿದರೆ, ಚೆನ್ನಾಗಿ ನಡೆಸಿಕೊಂಡ ಊರು ಯಾವುದು, ಬಾಗಿಲು ಹಾಕಿಕೊಂಡ ಊರು ಯಾವುದು ಎಂದು ಇಂದಿಗೂ ಬೇರ್ಪಡಿಸಬಹುದು. ಪುಸ್ತಕವನ್ನು ಇಲಿ ತಿನ್ನದಿದ್ದರೆ.

ಈ ಮಾತಿಗೆ ಬರುವ ಮೊದಲ ಆಕ್ಷೇಪ, ಸಂತೋಷದ ದಿನ ಲೆಕ್ಕ ಓದಿದರೆ ಜಗಳ ಹುಟ್ಟುತ್ತದೆ ಎಂಬುದು. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆದರೂ ಊರಲ್ಲಿ ಎರಡು ಪಾರ್ಟಿ ಇದ್ದೇ ಇರುತ್ತವೆ, ಒಬ್ಬರು ಓದಿದರೆ ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ನಿಲ್ಲಲಿ. ಇದಕ್ಕೆಂದೇ ಕಾನೂನಿನಲ್ಲಿ ಜಮಾಬಂದಿ ಎಂಬ ದಿನವಿದೆ: ವರ್ಷಕ್ಕೊಮ್ಮೆ ಪಂಚಾಯಿತಿಯ ಜಮಾ ಖರ್ಚನ್ನು, ಕಾಮಗಾರಿಗಳನ್ನು ಜನರ ಮುಂದೆ ತಾಳೆ ನೋಡುವ ದಿನ. ಎಷ್ಟೋ ಕಡೆ ಅದು ನಾಲ್ಕು ಕುರ್ಚಿ, ಒಂದು ಬ್ಯಾನರು, ಒಂದು ಫೋಟೋದಲ್ಲಿ ಮುಗಿದುಹೋಗುತ್ತದೆ. ಇಳಿಯುವವರ ಕೊನೆಯ ಜಮಾಬಂದಿಯ ದಿನವೇ ಸನ್ಮಾನ ಇಟ್ಟುಕೊಂಡರೆ ಹಾರಕ್ಕೆ ಬಂದ ಜನ ಲೆಕ್ಕಕ್ಕೂ ಕೂರುತ್ತಾರೆ. ಬೆಳಿಗ್ಗೆ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹೇಳಿದವರ ಕೊರಳಿಗೆ ಸಂಜೆ ಬಿದ್ದ ಹಾರಕ್ಕೆ ತೂಕವೇ ಬೇರೆ. ಉತ್ತರ ಹೇಳಲಾಗದವರು ಸನ್ಮಾನ ಬೇಡವೆಂದು ತಾವೇ ತಪ್ಪಿಸಿಕೊಂಡರೆ, ಅದೂ ಊರಿಗೆ ಲಾಭವೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಹಣ ಬರುವುದು ಮೇಲಿನಿಂದ, ಅಂದಾಜು ಪಟ್ಟಿ ಎಂಜಿನಿಯರದು, ಬಿಲ್ಲು ಮಾಡುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ರಸ್ತೆ ಶಾಸಕರ ಅನುದಾನದ್ದು. ಅಧ್ಯಕ್ಷರದು ಬರೀ ಸಹಿ, ಅವರಿಗೇನು ಶ್ರೇಯಸ್ಸು ಎಂದು ಕೇಳುತ್ತಾರೆ. ಹಣ ಮೇಲಿನದೆಂಬುದು ನಿಜ. ಹಾಗೆಂದೇ ಪುಸ್ತಕ ಓದಬೇಕು ಎನ್ನುತ್ತೇನೆ. ಶಾಸಕರ ಹಣದ ರಸ್ತೆಯನ್ನು ಅಧ್ಯಕ್ಷರ ಸಾಧನೆಯ ಪಟ್ಟಿಯಲ್ಲಿ ಸೇರಿಸುವ ಸುಳ್ಳು ಹೊಗಳಿಕೆ ಅಲ್ಲಿಗೆ ನಿಲ್ಲುತ್ತದೆ. ಉಳಿಯುವುದು ಆಯ್ಕೆ: ಇರುವ ಕಾಸಿನಲ್ಲಿ ಮೊದಲು ಯಾವ ಬೀದಿ, ಮನೆ ಹಂಚಿಕೆಯ ಪಟ್ಟಿಯಲ್ಲಿ ಯಾರ ಹೆಸರು ಮೇಲೆ, ಉದ್ಯೋಗ ಖಾತರಿಯ ಕ್ರಿಯಾ ಯೋಜನೆಯಲ್ಲಿ ಕೆರೆಯೋ ಕಾಂಪೌಂಡೋ. ಈ ಆಯ್ಕೆಯನ್ನು ಯಾವ ಎಂಜಿನಿಯರೂ ಮಾಡಿಕೊಡುವುದಿಲ್ಲ. ನಾನೂರು ಜನಕ್ಕೆ ಒಬ್ಬರಂತೆ ಸದಸ್ಯರನ್ನು ಆರಿಸಿ ಕಳಿಸುವುದು ಇದಕ್ಕೇ.

ಹೆಂಗಸರು ಅಧ್ಯಕ್ಷರಾದ ಕಡೆ ಗಂಡಂದಿರೇ ನಡೆಸಿದರು, ಆಕೆಗೆ ಸನ್ಮಾನವೇಕೆ ಎಂಬ ಕುಹಕವೂ ಇದೆ. 2010ರ ತಿದ್ದುಪಡಿಯಿಂದ ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರದು. ಆದ್ದರಿಂದ ಇದು ಅರ್ಧದಷ್ಟು ಜನರ ಮಾನದ ಪ್ರಶ್ನೆ. ಅದಕ್ಕೂ ಉತ್ತರ ನಡವಳಿ ಪುಸ್ತಕದಲ್ಲೇ ಇದೆ. ಸಭೆಗೆ ಬಂದವರು ಯಾರು, ವಿಷಯ ಎತ್ತಿದವರು ಯಾರು, ಭಿನ್ನಾಭಿಪ್ರಾಯ ಬರೆಸಿದವರು ಯಾರು ಎಂದು ನೋಡಿ. ಆಕೆಯೇ ಮಾಡಿದ್ದನ್ನು ಗಂಡನ ಖಾತೆಗೆ ಬರೆಯುವ ಅನ್ಯಾಯ, ಗಂಡ ಮಾಡಿದ್ದನ್ನು ಆಕೆಯ ತಲೆಗೆ ಕಟ್ಟುವ ಅನ್ಯಾಯ, ಎರಡೂ ನಿಲ್ಲುತ್ತವೆ. ಪುಸ್ತಕವನ್ನೇ ತಿದ್ದುತ್ತಾರಲ್ಲ, ಸಭೆಯೇ ನಡೆಯದೆ ಮನೆಮನೆಗೆ ಕಳಿಸಿ ಸಹಿ ಹಾಕಿಸುತ್ತಾರಲ್ಲ ಎಂದರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಎಂದೋ ಒಂದು ದಿನ ಊರ ಮುಂದೆ ಓದುತ್ತಾರೆಂದು ಗೊತ್ತಿರುವ ಪುಸ್ತಕವನ್ನು ತಿದ್ದುವ ಕೈ ಸ್ವಲ್ಪ ಅಂಜುತ್ತದೆ. ಯಾರೂ ತೆರೆಯದ ಪುಸ್ತಕದಲ್ಲಿ ಸುಳ್ಳು ಬರೆಯುವುದು ಬಹಳ ಸುಲಭ.

ಕಳ್ಳರ ಕಾಲದಲ್ಲಿ ಸನ್ಮಾನವೇ ಬೇಡ ಎನ್ನುವ ಕಟು ಮಾತೊಂದಿದೆ. ನಾನು ಒಪ್ಪುವುದಿಲ್ಲ. ಶಾಸಕರಿಗೆ ಪಿಂಚಣಿಯಿದೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ ಇಲ್ಲ. ಮೀಸಲಾತಿಯ ಸರದಿ ತಿರುಗಿದರೆ ಚೆನ್ನಾಗಿ ಕೆಲಸ ಮಾಡಿದವರೂ ಅದೇ ಕ್ಷೇತ್ರದಲ್ಲಿ ಮತ್ತೆ ನಿಲ್ಲಲಾರರು. ಮರುದಿನ ಅವರು ಗದ್ದೆಗೋ ಕೂಲಿಗೋ ಹೊರಡಬೇಕು. ಅಂಥವರಿಗೆ ಊರು ಕೊಡಬಹುದಾದದ್ದು ಮಾತೊಂದೇ. ಆ ಮಾತನ್ನು ತಿಂದವರಿಗೂ ದುಡಿದವರಿಗೂ ಒಂದೇ ಅಳತೆಯಲ್ಲಿ ಹಂಚಿದರೆ ನಷ್ಟ ದುಡಿದವರಿಗೆ, ಲಾಭ ತಿಂದವರಿಗೆ.

ಇಳಿಯುವವರಿಗೆ ಸಲ್ಲಬೇಕಾದ ಇನ್ನೊಂದು ಮರ್ಯಾದೆ ಸರ್ಕಾರದ ಕೈಯಲ್ಲಿದೆ: ಕುರ್ಚಿಯನ್ನು ಜನ ಆರಿಸಿದ ಇನ್ನೊಬ್ಬರಿಗೆ ಒಪ್ಪಿಸಿ ಹೋಗುವ ಅವಕಾಶ. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. 2016ರಲ್ಲಿ ಆರಿಸಿಬಂದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತಾ ವರ್ಷಗಳೇ ಉರುಳಿದವು. ಮಂಡ್ಯ ಜಿಲ್ಲಾ ಪಂಚಾಯಿತಿಯಿಂದ ಇಳಿದವರು ಕುರ್ಚಿ ಬಿಟ್ಟುಕೊಟ್ಟದ್ದು ಆಡಳಿತಾಧಿಕಾರಿಗೆ. ಎಷ್ಟು ಒಳ್ಳೆಯ ಅಧಿಕಾರಿಯಾದರೂ ಅವರ ಕೊನೆಯ ದಿನ ಮತದಾರರು ಲೆಕ್ಕ ಕೇಳುವಂತಿಲ್ಲ, ವರ್ಗವಾಗಿ ಹೋಗುತ್ತಾರೆ.

ಸರ್ಕಾರದ್ದು ಸರ್ಕಾರ ಮಾಡಲಿ. ಊರಿನವರು ಮಾಡಬಹುದಾದ ಒಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ. ಗ್ರಾಮ ಪಂಚಾಯಿತಿ ಕಚೇರಿಗೆ ಹೋದರೆ ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಇದುವರೆಗಿನವರ ಹೆಸರಿನ ಫಲಕ ನೇತುಹಾಕಿರುವುದುಂಟು. ಕ್ರಮ ಸಂಖ್ಯೆ, ಹೆಸರು, ಇಂದ, ವರೆಗೆ. ಅಲ್ಲಿಗೆ ಗೆರೆ ಮುಗಿಯುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಕಲಂ ಎಳೆಸಿ, ಜಮಾಬಂದಿಯಲ್ಲಿ ಊರು ಒಪ್ಪಿದ ಒಂದೇ ಒಂದು ಕೆಲಸವನ್ನು ಪ್ರತಿ ಹೆಸರಿನ ಎದುರಿಗೂ ಬರೆಸಿ. ಊರು ಯಾವುದನ್ನೂ ಒಪ್ಪದಿದ್ದರೆ ಆ ಜಾಗವನ್ನು ಖಾಲಿ ಬಿಡಿ. ಒಂದು ಶಾಲಿನ ದುಡ್ಡಿನಲ್ಲಿ ಪೇಂಟರನ ಕೂಲಿ ಮುಗಿಯುತ್ತದೆ.